ಬೆಲೆ ಏರಿದ ಕಾಲದಲ್ಲಿ ಗುಂಡು ಕೊಳ್ಳುವುದೇ, ಬಿಡುವುದೇ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಬೆಲೆ ಏರಿದ್ದರೂ ರೈಫಲ್ ಪಂದ್ಯಕ್ಕೆಂದು ಐದು ಸಾವಿರ ಗುಂಡುಗಳನ್ನು ಈಗಲೇ ಕೊಂಡಿಡಲೇ ಎಂದು ಕೇಳಿದ್ದ ನಿನ್ನ ಪತ್ರವನ್ನು ಓದಿ ಮುಗಿಸಿದ ಕೂಡಲೇ ನನ್ನ ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದು, ಒಳಗಿದ್ದ ಗುಂಡಿನ ಡಬ್ಬಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಎಣಿಸಿದೆ. ನೀನು ಬೆಲೆಯ ಬಗ್ಗೆ ಎರಡು ಪುಟ ಬರೆದಿದ್ದೀಯೆ. ನಿನ್ನಲ್ಲಿ ಈಗ ಎಷ್ಟು ಗುಂಡುಗಳಿವೆ ಎಂಬುದಕ್ಕೆ ಮಾತ್ರ ಒಂದೇ ಸಾಲು, ಅದೂ ಪತ್ರದ ತುದಿಯಲ್ಲಿ, ಮರೆತುಹೋಗಿದ್ದು ನೆನಪಾದಂತೆ. ನಿನ್ನ ಪ್ರಶ್ನೆಗೆ ಬೇಕಾದ ಉತ್ತರ ಬಹುಪಾಲು ಆ ಒಂದು ಸಾಲಿನಲ್ಲೇ ಇದೆ ಎಂದು ನನಗನ್ನಿಸಿತು. ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ಐನೂರರ ಕಟ್ಟು ಮೂರು, ಐವತ್ತರ ಬಿಡಿ ಡಬ್ಬ ಏಳು ಎಂದಿದ್ದೀಯೆ. ಅಂದರೆ 1,850 ಗುಂಡುಗಳು. ಪಂದ್ಯಕ್ಕೆ ಇನ್ನು ಹದಿನೇಳು ವಾರಗಳಿವೆ. ವಾರಕ್ಕೆ ಮೂರು ದಿನ, ದಿನಕ್ಕೆ ಎಂಬತ್ತರಂತೆ ಹಾರಿಸುವುದು ನಿನ್ನ ಅಭ್ಯಾಸವಾದರೆ ಅಭ್ಯಾಸಕ್ಕೇ 4,080 ಬೇಕು. ಅರ್ಹತಾ ಸುತ್ತಿಗೆ ತೊಂಬತ್ತು, ಪಂದ್ಯಕ್ಕೆ ತೊಂಬತ್ತು ಎಂದು ಹಿಡಿದರೆ ಇನ್ನೂ 180 ಸೇರುತ್ತದೆ. ಈ ಲೆಕ್ಕದಲ್ಲಿ ನಿನಗೆ 2,410 ಗುಂಡುಗಳ ಕೊರತೆಯಿದೆ. ಕೊರತೆ ಎರಡೂವರೆ ಸಾವಿರದೊಳಗೆ ಇರುವಾಗ ಐದು ಸಾವಿರ ಕೊಳ್ಳಲು ಹೊರಟಿರುವುದು ಏಕೆ ಎಂದು ನಾನು ಕೇಳಿದರೆ, ಮುಂದೆ ಸಿಗುತ್ತದೋ ಇಲ್ಲವೋ ಎಂದು ನೀನು ಹೇಳುತ್ತೀಯೆ. ಆ ಮಾತು ಭಯದಿಂದ ಬಂದದ್ದು. ಭಯ ಕೆಲವೊಮ್ಮೆ ನಿಜವೂ ಆಗುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಕೊಡುವ ಬೆಲೆ ಎಷ್ಟು ಎಂಬುದನ್ನು ಬೇರೆಯಾಗಿಯೇ ಬರೆದಿಟ್ಟುಕೊಳ್ಳಬೇಕು.

ಈಗ ಬೆಲೆಯ ವಿಷಯ. ಗುಂಡಿನ ಬೆಲೆ ಏರುವುದು ಎರಡು ಬಗೆಯಲ್ಲಿ, ಮತ್ತು ಇವೆರಡನ್ನೂ ಒಂದೇ ಎಂದು ತಿಳಿಯುವುದೇ ನಮ್ಮಂಥವರು ಹೆಚ್ಚಾಗಿ ಮಾಡುವ ತಪ್ಪು. ಮೊದಲನೆಯದು ಗಾಬರಿಯ ಏರಿಕೆ. ಅಮೆರಿಕದಲ್ಲಿ 2012ರ ಕೊನೆಯಲ್ಲಿ ಬಂದೂಕುಗಳ ಮೇಲೆ ಹೊಸ ನಿರ್ಬಂಧ ಬರುತ್ತದೆಂಬ ಮಾತು ಹಬ್ಬಿದಾಗ ಜನರು ಅಂಗಡಿಗಳನ್ನು ಬರಿದುಮಾಡಿದರು. ಅಲ್ಲಿಯವರೆಗೆ ಯಾರೂ ಲೆಕ್ಕಕ್ಕೇ ಇಡದಿದ್ದ ಪಾಯಿಂಟ್ 22ರ, ಎಂದರೆ ನಾವು ಹಾರಿಸುವ 0.22 ಇಂಚು ಅಗಲದ, ಸಣ್ಣ ಗುಂಡು 2013ರ ಉದ್ದಕ್ಕೂ, ಅದರ ಮುಂದಿನ ವರ್ಷವೂ, ಕಣ್ಣಿಗೆ ಬೀಳುವುದೇ ಅಪರೂಪವಾಯಿತು. ಹಾಗಿದ್ದದ್ದು 2017ರ ಹೊತ್ತಿಗೆ ಪೂರಾ ತಿರುಗಿಬಿತ್ತು. ಮಾರಾಟ ಕುಸಿಯಿತು, ಎರಡು ಶತಮಾನ ಕಂಡಿದ್ದ ಬಂದೂಕು ತಯಾರಿಕೆಯ ರೆಮಿಂಗ್ಟನ್ ಕಂಪನಿ 2018ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ಕಂಪನಿ 2020ರ ಜುಲೈನಲ್ಲಿ ಎರಡನೆಯ ಬಾರಿ ದಿವಾಳಿಯಾದಾಗ, ಕೊರೋನಾ ಕಾಲದ ಬೇಡಿಕೆ ಮುಗಿಲು ಮುಟ್ಟಿ, ಗುಂಡು ತಯಾರಿಸುವವರು ಹಗಲಿರುಳು ದುಡಿದರೂ ಸಾಲುತ್ತಿರಲಿಲ್ಲ. ಈ ಏರಿಳಿತವನ್ನು ಕಣ್ಣಾರೆ ಕಂಡ ತಯಾರಕರು ಬೆಲೆ ಏರಿದೆಯೆಂದು ತಕ್ಷಣ ಹೊಸ ಕಾರ್ಖಾನೆ ಕಟ್ಟಲು ಮುಂದಾಗುವುದಿಲ್ಲ. ಕಟ್ಟಡ ಎದ್ದು ನಿಲ್ಲುವಷ್ಟರಲ್ಲಿ ಕೊಳ್ಳುವವರೇ ಇರುವುದಿಲ್ಲ ಎಂಬುದು ಅವರಿಗೆ ಗೊತ್ತು. ಗಾಬರಿಯ ಏರಿಕೆ ಬೇಗ ಇಳಿಯದಿರುವುದಕ್ಕೆ ಇದೊಂದು ಕಾರಣ; ಆದರೆ ಕೊನೆಗೂ ಇಳಿಯುವುದು ಅದರ ಸ್ವಭಾವ.

ಎರಡನೆಯದು ಸಾಮಗ್ರಿಯ ಏರಿಕೆ. ಒಂದು ಕಾಡತೂಸಿನಲ್ಲಿ ಏನೇನಿದೆ ನೋಡು: ನೂರರಲ್ಲಿ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಬೆರೆಸಿದ ಹಿತ್ತಾಳೆಯ ಕವಚ, ಸೀಸದ ತಲೆ, ನೈಟ್ರೋಸೆಲ್ಯುಲೋಸ್‌ನಿಂದ ಮಾಡಿದ ಮದ್ದಿನ ಪುಡಿ, ಕಿಡಿ ಹುಟ್ಟಿಸುವ ಪ್ರೈಮರ್. ಸೀಸವನ್ನು ಗಟ್ಟಿಗೊಳಿಸಲು ಆಂಟಿಮನಿ ಬೆರೆಸುತ್ತಾರೆ. ಅದೇ ಆಂಟಿಮನಿಯ ಸಂಯುಕ್ತವೊಂದು ಅನೇಕ ಪ್ರೈಮರ್‌ಗಳಲ್ಲೂ ಇದೆ. ಈ ಲೋಹವನ್ನು ಹೆಚ್ಚಾಗಿ ಪೂರೈಸುವ ಚೀನಾ 2024ರ ಸೆಪ್ಟೆಂಬರ್‌ನಿಂದ ಅದರ ರಫ್ತಿಗೆ ಅನುಮತಿ ಕಡ್ಡಾಯ ಮಾಡಿದ ಮೇಲೆ ಬೆಲೆ ಎಲ್ಲಿಗೆ ಏರಿತೆಂಬುದು ಲೋಹದ ವ್ಯಾಪಾರಿಗಳಿಗೆಲ್ಲ ಗೊತ್ತು. ಇತ್ತ 2022ರಿಂದ ಯುಕ್ರೇನ್ ಯುದ್ಧ ನಡೆಯುತ್ತಿರುವುದರಿಂದ ನೈಟ್ರೋಸೆಲ್ಯುಲೋಸ್ ಫಿರಂಗಿಗಳ ಕಡೆಗೆ ಹರಿಯುತ್ತಿದೆ. ಕಾಗದದ ಗುರಿಗೆ ಹೊಡೆಯುವ ನಮ್ಮ ಸರದಿ ಬರುವುದು ಅದರ ನಂತರ. ಇಂಥ ಏರಿಕೆ ಜನರ ಗಾಬರಿ ಇಳಿದ ಮಾತ್ರಕ್ಕೆ ಇಳಿಯುವುದಿಲ್ಲ, ಇಳಿದರೂ ಹಳೆಯ ಮಟ್ಟಕ್ಕೆ ಬರುವುದು ಕಷ್ಟ.

ಇವೆರಡರಲ್ಲಿ ನಮ್ಮ ಮುಂದಿರುವುದು ಯಾವುದು ಎಂದು ತಿಳಿಯುವುದಕ್ಕೆ ನಾನು ಕಪಾಟು ನೋಡುತ್ತೇನೆ, ಬೆಲೆಪಟ್ಟಿಯನ್ನಲ್ಲ. ಕಪಾಟು ಖಾಲಿಯಾಗಿದ್ದು, ಬಂದ ಮಾಲು ಅಂದೇ ಮುಗಿಯುತ್ತಿದ್ದರೆ ಅದು ಗಾಬರಿ; ಕೈಲಾದಷ್ಟು ಕಾಯುವುದೇ ಲೇಸು. ಕಪಾಟು ತುಂಬಿದ್ದೂ ಬೆಲೆ ಇಳಿಯದಿದ್ದರೆ ಅದು ಸಾಮಗ್ರಿಯ ಏರಿಕೆ; ಆಗ ಕಾಯುವುದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ, ಆದರೆ ಸಿಗುವುದಿಲ್ಲವೆಂಬ ಭಯಕ್ಕೂ ಆಧಾರವಿಲ್ಲದ್ದರಿಂದ ಒಮ್ಮೆಗೇ ರಾಶಿ ಹಾಕುವ ಅಗತ್ಯವೂ ಇಲ್ಲ. ಗಾಳಿಯ ಒತ್ತಡದಿಂದ ಹಾರಿಸುವ ಏರ್ ರೈಫಲ್‌ನ ಪೆಲೆಟ್‌ಗಳ, ಎಂದರೆ ಸೀಸದ ಪುಟ್ಟ ಗುಂಡುಗಳ, ಬೆಲೆಯನ್ನೂ ಒಮ್ಮೆ ನೋಡು. ಅದರಲ್ಲಿ ಮದ್ದೂ ಇಲ್ಲ, ಪ್ರೈಮರೂ ಇಲ್ಲ. ಅದೂ ಏರಿದ್ದರೆ ಸೀಸವೇ ದುಬಾರಿಯಾಗಿದೆ ಎಂದು ಊಹಿಸಬಹುದು. ಇದು ನನ್ನ ಅನುಭವದ ಅಳತೆಗೋಲು, ಅರ್ಥಶಾಸ್ತ್ರವಲ್ಲ. ನೀನು ಬರೆದ ವಿವರ ಓದಿದರೆ ಈಗ ಎರಡೂ ಬೆರೆತಂತಿದೆ: ಸಾಧಾರಣ ಗುಂಡು ಬೇಕಾದಷ್ಟಿದೆ, ಪಂದ್ಯದ ದರ್ಜೆಯದ್ದು ಮಾತ್ರ ಬಂದ ಹಾಗೆಯೇ ಮಾಯವಾಗುತ್ತಿದೆ.

ಪಂದ್ಯದ ದರ್ಜೆಯ ಗುಂಡಿನ ಬಗ್ಗೆ ನಿನಗೊಂದು ಮಾತು ಹೇಳಲೇಬೇಕು, ಏಕೆಂದರೆ ನಾನು ಕೈ ಸುಟ್ಟುಕೊಂಡದ್ದು ಅಲ್ಲಿಯೇ. ಹಿಂದಿನ ಕೊರತೆಯ ಕಾಲದಲ್ಲಿ ನನಗೆ ಒಳ್ಳೆಯ ಹೆಸರಿನ ಗುಂಡು ಐದು ಸಾವಿರ ಒಟ್ಟಿಗೇ ಸಿಗುತ್ತದೆಂಬ ಸುದ್ದಿ ಬಂತು. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದುಕೊಂಡು, ಲಾಟ್ ಸಂಖ್ಯೆ (ಒಂದೇ ಸರದಿಯಲ್ಲಿ ತಯಾರಾದ ಗುಂಡುಗಳ ಗುರುತು) ಯಾವುದೆಂದು ಕೇಳದೆ, ಒಂದು ಡಬ್ಬವನ್ನೂ ಹಾರಿಸಿ ನೋಡದೆ, ಮಾಮೂಲಿನ ಒಂದೂವರೆ ಪಟ್ಟು ಕೊಟ್ಟು ತಂದೆ. ಮುಂದಿನ ವಾರ ರೈಫಲನ್ನು ಕದಲದಂತೆ ಇಕ್ಕಳಕ್ಕೆ ಬಿಗಿದು 50 ಮೀಟರ್‌ನಲ್ಲಿ ಹತ್ತು ಹತ್ತರ ಗುಂಪು ಹಾರಿಸಿದಾಗ, ನನ್ನ ಹಳೆಯ ಲಾಟ್ 13 ಮಿಲಿಮೀಟರಿನೊಳಗೆ ಕೂರುತ್ತಿದ್ದ ಜಾಗದಲ್ಲಿ ಇದು 24ಕ್ಕೆ ಹರಡಿತು. ಗುರಿಯ ನಡುವಿನ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಗುಂಡಿನದು 5.6; ಗೆರೆ ತಾಗಿದರೂ ಹತ್ತು ಸಿಗುವುದರಿಂದ ಸರಿಯಾಗಿ ನಡುವೆ ಕೂತ 16 ಮಿಲಿಮೀಟರಿನ ಗುಂಪಿನವರೆಗೆ ಎಲ್ಲವೂ ಹತ್ತೇ. ಹದಿಮೂರು ಅದರೊಳಗೆ ಬರುತ್ತದೆ, ಇಪ್ಪತ್ತನಾಲ್ಕು ಬರುವುದಿಲ್ಲ. ಎಂದರೆ ನಾನು ಹಣ ಕೊಟ್ಟು ಒಂಬತ್ತುಗಳನ್ನು ಕೊಂಡಿದ್ದೆ. ಗುಂಡು ಕೆಟ್ಟದ್ದೇನಲ್ಲ, ಅದೇ ಲಾಟ್ ಇನ್ನೊಬ್ಬರ ನಳಿಕೆಯಲ್ಲಿ ಚೆನ್ನಾಗಿಯೇ ಕೂತಿತು. ನನ್ನ ನಳಿಕೆಗೆ ಅದು ಒಗ್ಗಲಿಲ್ಲ, ಅಷ್ಟೆ. ಒಂದೇ ಹೆಸರು, ಒಂದೇ ಬಣ್ಣದ ಡಬ್ಬವಾದರೂ ಲಾಟ್ ಬದಲಾದರೆ ಮದ್ದಿನ ಸರಕು ಬದಲಾಗಿರುತ್ತದೆ, ಸೀಸದ ಅಚ್ಚು ಸವೆದಿರುತ್ತದೆ. ನಳಿಕೆಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಹಾಗೆಂದು ವೇಗದ ಅಗ್ಗದ ಗುಂಡಿನ ಕಡೆಗೆ ಓಡಬೇಡ. ನಿನ್ನ ಪಂದ್ಯದ ಗುಂಡು ಸೆಕೆಂಡಿಗೆ 330 ಮೀಟರಿನ ಆಸುಪಾಸಿನಲ್ಲಿ, ಶಬ್ದದ ವೇಗಕ್ಕಿಂತ ಕೆಳಗೇ, ಹೊರಡುತ್ತದೆ. ಅತಿವೇಗದ ಗುಂಡು ಶಬ್ದದ ವೇಗವನ್ನು ಮೀರಿ ಹೊರಟು, ದಾರಿಯಲ್ಲೇ ಅದರ ಕೆಳಗೆ ಇಳಿಯುವಾಗ ಕದಲುತ್ತದೆ. ಅದರಲ್ಲಿ ಅಭ್ಯಾಸ ಮಾಡಿದರೆ ತಪ್ಪು ನಿನ್ನದೋ ಗುಂಡಿನದೋ ಎಂದು ತಿಳಿಯದೆ ಒದ್ದಾಡುತ್ತೀಯೆ. ಹಾರಿಸಿದ ಕವಚಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳುವ ಯೋಚನೆಯನ್ನೂ ಬರೆದಿದ್ದೆ. ಅದು ನಿನ್ನ ಇನ್ನೊಂದು, ದೊಡ್ಡ ರೈಫಲಿಗೆ ಆದೀತು, ಅದಕ್ಕೂ ಪ್ರೈಮರ್ ಸಿಕ್ಕರೆ ಮಾತ್ರ. ಪಾಯಿಂಟ್ 22ರಲ್ಲಿ ಕಿಡಿಯ ಮಿಶ್ರಣ ಕವಚದ ಅಂಚಿನೊಳಗೇ ಇರುವುದರಿಂದ ಒಮ್ಮೆ ಹಾರಿಸಿದ ಕವಚ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಈಗ ನಿನ್ನ ಆ ಎಂಬತ್ತು ಗುಂಡುಗಳಿಗೆ ಬರುತ್ತೇನೆ. ಕಳೆದ ತಿಂಗಳು ನಿನ್ನ ಪಕ್ಕದಲ್ಲೇ ನಿಂತು ಹಾರಿಸುತ್ತಿದ್ದಾಗ ನಾನು ಗಮನಿಸಿದ್ದನ್ನು ಹೇಳಿದರೆ ಕೋಪಿಸಿಕೊಳ್ಳಬೇಡ. ಐವತ್ತರ ನಂತರ ನೀನು ಕೆನ್ನೆಯನ್ನು ರೈಫಲಿನ ಹಿಂಬದಿಯ ಕಟ್ಟಿಗೆಗೆ ಒತ್ತುವ ಬಗೆ ಬದಲಾಗುತ್ತದೆ, ಟ್ರಿಗರ್ ಎಳೆದ ಮರುಕ್ಷಣವೇ ಬೆರಳು ಮುಂದಕ್ಕೆ ಜಿಗಿಯುತ್ತದೆ, ಗುಂಡು ಎಲ್ಲಿ ಬಿತ್ತೆಂದು ನೋಡುವ ಅವಸರದಲ್ಲಿ ತಲೆ ಎತ್ತುತ್ತೀಯೆ. ಕೊನೆಯ ಮೂವತ್ತು ಗುಂಡುಗಳಲ್ಲಿ ನೀನು ಅಭ್ಯಾಸ ಮಾಡುತ್ತಿರುವುದು ಈ ತಪ್ಪುಗಳನ್ನೇ. ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 120 ಗುಂಡುಗಳಿದ್ದವು, ಪ್ಯಾರಿಸ್‌ಗೆ ಅದು 60ಕ್ಕೆ ಇಳಿಯಿತು. ದೀರ್ಘ ದಮ್ಮು ಕಟ್ಟುವ ಹಳೆಯ ತರಬೇತಿಯ ಅಗತ್ಯವೂ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಆದ್ದರಿಂದ ವಾರಕ್ಕೆ ಎರಡೇ ದಿನ, ದಿನಕ್ಕೆ ಐವತ್ತೇ ಗುಂಡು ಎಂದು ಹಿಡಿ. ಹದಿನೇಳು ವಾರಕ್ಕೆ 1,700, ಎರಡು ಸ್ಪರ್ಧೆಗೆ 180, ಒಟ್ಟು 1,880. ನಿನ್ನಲ್ಲಿರುವುದು 1,850. ನೀನು ನಿದ್ದೆಗೆಟ್ಟು ಯೋಚಿಸಿದ ಕೊರತೆ ಮೂವತ್ತು ಗುಂಡುಗಳದ್ದು! ಉಳಿದ ದಿನಗಳಲ್ಲಿ ಮನೆಯಲ್ಲಿ ಡ್ರೈ ಫೈರಿಂಗ್, ಎಂದರೆ ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ, ಮಾಡು. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿ ಬೀಗದೊಳಗೆ ಇರಲಿ, ಕೋಣೆ ಬರಿದಾಗಿದೆಯೇ ಎಂದು ಎರಡು ಬಾರಿ ನೋಡು. ಕೋಣೆ ಎಂದರೆ ಇಲ್ಲಿ ನಳಿಕೆಯದೂ ಹೌದು, ಮನೆಯದೂ ಹೌದು. ನಿನ್ನ ರೈಫಲಿನ ಕೈಪಿಡಿ ಬರಿದೇ ಹೊಡೆಯಲು ಅನುಮತಿಸದಿದ್ದರೆ ಅದಕ್ಕೆಂದೇ ಸಿಗುವ ಡಮ್ಮಿ ಬಳಸು, ಇಲ್ಲದಿದ್ದರೆ ಸೂಜಿ ಅಂಚಿಗೆ ಬಡಿದು ಬಡಿದು ಗುಳಿ ಬೀಳುತ್ತದೆ. ಸದ್ದಿಲ್ಲದ, ಒದೆತವಿಲ್ಲದ ಆ ಅರ್ಧ ಗಂಟೆಯಲ್ಲಿ ಗುರಿಯ ಮುಳ್ಳು ಟ್ರಿಗರ್ ಬಿಡುವ ಗಳಿಗೆಯಲ್ಲಿ ಎತ್ತ ಕದಲಿತು ಎಂಬುದು ಕಾಣುತ್ತದೆ. ಗುಂಡು ಹಾರುವಾಗ ಅದು ಕಾಣುವುದಿಲ್ಲ. ನಿನ್ನ ಏರ್ ರೈಫಲ್ ಕೂಡ ಮೂಲೆಯಲ್ಲಿ ಧೂಳು ಹಿಡಿದಿದೆಯಲ್ಲ, ಹತ್ತು ಮೀಟರಿನಲ್ಲಿ ಅರ್ಧ ಮಿಲಿಮೀಟರಿನ ಚುಕ್ಕೆಗೆ ವಾರಕ್ಕೊಮ್ಮೆ ನಿಂತು ಹೊಡೆದರೆ ನಿನ್ನ ನಿಲುವಿನ ಭಂಗಿ ತಾನಾಗಿ ಸರಿಹೋಗುತ್ತದೆ.

ಹಾಗಾದರೆ ಏನೂ ಕೊಳ್ಳುವುದು ಬೇಡವೇ ಎಂದರೆ, ಕೊಳ್ಳು. ಆದರೆ ಎರಡು ಕಟ್ಟು ಮಾತ್ರ, ಅದೂ ನಿನ್ನ ನಳಿಕೆಗೆ ಒಗ್ಗಿದ ಲಾಟ್ ಸಿಕ್ಕರೆ, ಕೇಳಿದ ಬೆಲೆಗೇ. ಚೌಕಾಸಿ ಮಾಡುತ್ತ ಕೂತರೆ ಆ ಲಾಟ್ ಇನ್ನೊಬ್ಬರ ಪಾಲಾಗುತ್ತದೆ, ಮತ್ತೆ ಅದೇ ಲಾಟ್ ತಯಾರಾಗುವುದಿಲ್ಲ. ಬೇರೆ ಲಾಟ್ ಆದರೆ ಐವತ್ತರ ಒಂದು ಡಬ್ಬ ಕೊಂಡು ಹಾರಿಸಿ ನೋಡದೆ ಮುಂದುವರಿಯಬೇಡ, ಮಾರುವವನು ಎಷ್ಟೇ ಅವಸರಪಡಿಸಲಿ. ಸಾಲ ಮಾಡಿಯಂತೂ ಬೇಡ. ನಿನ್ನ ಪರವಾನಗಿಯಲ್ಲಿ ಎಷ್ಟು ಇಟ್ಟುಕೊಳ್ಳಬಹುದೆಂದು ಬರೆದಿದೆ ಎಂಬುದನ್ನೂ ಹಣ ಕೊಡುವ ಮೊದಲೇ ನೋಡಿಕೋ.

ಐದು ಸಾವಿರ ತಂದವನ ಪಾಡನ್ನೂ ಹೇಳಿಬಿಡುತ್ತೇನೆ. ಹದಿನೇಳು ಕಿಲೋ ತೂಕದ ಸರಕದು. ಅದರಲ್ಲಿ ಒಂದು ಕಟ್ಟನ್ನು ನಾನು ಎರಡು ದಿನ ಕಾರಿನ ಡಿಕ್ಕಿಯಲ್ಲಿ, ಬಿಸಿಲಲ್ಲಿ, ಮರೆತುಬಿಟ್ಟೆ. ತೆಗೆದಾಗ ಸೀಸಕ್ಕೆ ಬಳಿದ ಮೇಣ ಕರಗಿ ರಟ್ಟಿಗೆ ಇಳಿದಿತ್ತು. ಡಬ್ಬದ ತಳದಲ್ಲಿ ಎಣ್ಣೆಯ ಕಲೆ, ಗುಂಡುಗಳ ಮೇಲೆ ಬೆರಳಿಗೆ ಒರಟಾಗಿ ತಾಗುವ ಬೋಳು ಸೀಸ. ಇನ್ನೊಂದು ಕಟ್ಟು ತೇವದ ಗೋಡೆಯ ಪಕ್ಕ ಕೂತು ವರ್ಷ ಕಳೆಯುವಷ್ಟರಲ್ಲಿ ತುದಿಗಳಲ್ಲಿ ಬಿಳಿಯ ಪುಡಿ ಹಿಡಿಯಿತು. ತಣ್ಣಗಿನ, ಒಣ ಜಾಗದಲ್ಲಿ ಇಟ್ಟರೆ ಗುಂಡು ದಶಕಗಳ ಕಾಲ ಬಾಳುತ್ತದೆಂಬುದು ನಿಜವೇ. ಆದರೆ ಹಾಗೆ ಇಡುವ ಶ್ರದ್ಧೆ ಎರಡು ಕಟ್ಟು ತಂದವನಿಗೆ ಇರುವಷ್ಟು ಹತ್ತು ಕಟ್ಟು ತಂದವನಿಗೆ ಇರುವುದಿಲ್ಲ. ಆ ಲಾಟ್‌ನ ಕೊನೆಯ ಆರು ಡಬ್ಬ ಇವತ್ತಿಗೂ ನನ್ನ ಮೇಜಿನ ಮೇಲಿವೆ.

ನಿನ್ನ ಮೂರು ಕಟ್ಟುಗಳೂ ಒಂದೇ ಲಾಟ್‌ನವೇ ಎಂದು ನೀನು ಬರೆದಿಲ್ಲ. ಡಬ್ಬದ ಮುಚ್ಚಳದ ಒಳಮಗ್ಗುಲಿನಲ್ಲೋ ಅಂಚಿನಲ್ಲೋ ಸಣ್ಣ ಅಂಕಿಗಳಲ್ಲಿ ಅಚ್ಚಾಗಿರುತ್ತದೆ; ಪ್ರತಿ ಕಟ್ಟಿನ ಹತ್ತಕ್ಕೆ ಹತ್ತೂ ಡಬ್ಬ ತೆಗೆದು ನೋಡಿ, ಯಾವ ಲಾಟ್‌ನದು ಎಷ್ಟು ಎಂದು ಬರೆದು ಕಳುಹಿಸು. ಪಂದ್ಯಕ್ಕೆ ತೆಗೆದಿಡಬೇಕಾದ ಆ 180 ಯಾವುವು ಎಂಬುದನ್ನು ಮೊದಲು ಗೊತ್ತುಮಾಡೋಣ. ಅಂಗಡಿಯವನಿಗೆ ಅಲ್ಲಿಯವರೆಗೆ ಏನೂ ಹೇಳಬೇಡ.

ನಿನ್ನ ಗೆಳೆಯ