ಹೊಟ್ಟೆಯ ಡಾಕ್ಟರ್ ಮನಸ್ಸನ್ನೂ ಕೇಳಲಿ

ಸಂಪಾದಕರಿಗೆ ನಮಸ್ಕಾರ.

ನಾನು ಶಹಾಪುರ ತಾಲ್ಲೂಕಿನ ಹಳ್ಳಿಯೊಂದರ ಶಾಲಾ ಶಿಕ್ಷಕಿ. 6 ವರ್ಷದಿಂದ ನನಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ದೊಡ್ಡ ಕರುಳಿನ ಒಳಗೆ ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ. ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ಕೆರಳುತ್ತದೆ. ಆಗ ದಿನಕ್ಕೆ 10–12 ಸಲ ಓಡಬೇಕು.

ತಪಾಸಣೆಗೆ ಕಲಬುರಗಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಹಿಂದಿನ ರಾತ್ರಿಯೇ ಊಟ ಬಿಡುತ್ತೇನೆ. ಬಾಗಿಲ ಹತ್ತಿರದ ಸೀಟೇ ಬೇಕು. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಹಳೇ ಟವಲ್. ಜೇವರ್ಗಿ ಬಸ್ ಸ್ಟ್ಯಾಂಡ್ ಬಿಟ್ಟರೆ ಕಲಬುರಗಿವರೆಗೂ ಜೀವ ಬಿಗಿಹಿಡಿಯಬೇಕು. ಕಟ್ಟಿ ಸಂಗಾವಿ ಸೇತುವೆ ಮೇಲೆ ಹೊಟ್ಟೆ ಹಿಂಡಿದರೆ ಕಿಟಕಿಯ ಸರಳು ಹಿಡಿದು ಭೀಮೆಯನ್ನೇ ನೋಡುತ್ತಾ ಕೂರುತ್ತೇನೆ. ಕಳೆದ ವರ್ಷ ಒಂದು ಸಲ ತಡೆಯಲು ಆಗಲಿಲ್ಲ. ಆಮೇಲೆ ಮದುವೆ, ಜಾತ್ರೆ ಎಲ್ಲ ಬಿಟ್ಟೆ. ತಂಗಿಯ ಕುಬಸಕ್ಕೂ ಹೋಗಲಿಲ್ಲ. "ಅಕ್ಕಗ ನಾವು ಬ್ಯಾಡಾಗೇವಿ" ಅಂದಳಂತೆ. ರಾತ್ರಿಯಿಡೀ ನಿದ್ದೆ ಇಲ್ಲ.

ಡಾಕ್ಟರಿಗೆ ಹೇಳಿದೆ. "ಟೆನ್ಷನ್ ಮಾಡ್ಕೋಬೇಡಿ" ಎಂದು ಚೀಟಿ ಕೈಗಿಟ್ಟರು. ಅದರಲ್ಲಿ ಸ್ಟೀರಾಯ್ಡ್ ಮಾತ್ರೆ ಇತ್ತು. ಅದು ಕೆಲವರ ನಿದ್ದೆ ಕೆಡಿಸುತ್ತದೆ, ಮನಸ್ಸನ್ನು ಏರುಪೇರು ಮಾಡುತ್ತದೆ. (ಹಾಗಂತ ನಾವಾಗೇ ನಿಲ್ಲಿಸಬಾರದು.) ಇಷ್ಟನ್ನು ಅವತ್ತೇ ಹೇಳಿದ್ದರೆ, ನನಗೆ ತಲೆ ಕೆಡ್ತಾ ಇದೆ ಅಂತ ಅಷ್ಟು ಹೆದರುತ್ತಿರಲಿಲ್ಲ.

ಕೊನೆಗೆ ಒಂದು ನಡುರಾತ್ರಿ 14416ಕ್ಕೆ ಫೋನ್ ಮಾಡಿದೆ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಿತ್ತಲ ಮೆಟ್ಟಿಲ ಮೇಲೆ ಕೂತು, ಬಸ್ಸಿನಲ್ಲಿ ಆದದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಆ ಕಡೆಯ ಹೆಣ್ಣುಮಗಳು ಅವಸರ ಮಾಡಲಿಲ್ಲ. ಯಾವ ಮಾತ್ರೆ, ದಿನಕ್ಕೆ ಎಷ್ಟು ಸಲ ಎಂದೂ ಕೇಳಿದರು. ಮನೋವೈದ್ಯರನ್ನು ಕಾಣಿರಿ ಎಂದರು.

ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಒಳ್ಳೆಯದೇ. ಆದರೆ ಹೊಟ್ಟೆಗೊಂದು ರಜೆ, ಮನಸ್ಸಿಗೊಂದು ರಜೆ ಅಂದರೆ ನಮ್ಮಂಥವರು ಮನಸ್ಸಿನದ್ದನ್ನೇ ಬಿಡುತ್ತೇವೆ, ಅಲ್ವಾ? ಸಾಲಿನಲ್ಲಿ ಪರಿಚಯದವರು ಕಂಡಾರು ಎಂಬ ಅಳುಕು ಬೇರೆ. ಹೊಟ್ಟೆಯ ಒಪಿಡಿ ಪಕ್ಕದಲ್ಲೇ, ಅದೇ ದಿನ, ಒಬ್ಬ ಆಪ್ತಸಮಾಲೋಚಕರು ಕೂರುವಂತೆ ಆರೋಗ್ಯ ಇಲಾಖೆ ಮಾಡಲಿ. ಅಲ್ಲಿಯವರೆಗೆ, ಡಾಕ್ಟರೇ, ಮಾತ್ರೆ ಚೀಟಿಯ ಕೆಳಗೆ 14416 ಎಂದಾದರೂ ಬರೆದು ಕೊಡಿ.

– ಒಬ್ಬ ಶಿಕ್ಷಕಿ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ