ಗೆಳೆಯನಿಗೊಂದು ಪತ್ರ: ಉಳಿದರ್ಧ ಉತ್ತರ

ಪ್ರಿಯ ಗೆಳೆಯ,

ಮೊನ್ನೆ ಆಟ ಮುಗಿಸಿ ಏಳುವಾಗ, ನಾವು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕೂತು ಆಡುವ ಈ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಕಟ್ಟಿದವರು ಯಾರೆಂದು ನೀನು ಕೇಳಿದೆ. ಗ್ಯಾರಿ ಗೈಗ್ಯಾಕ್ಸ್ ಎಂದಷ್ಟೇ ಹೇಳಿ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಅದು ಅರ್ಧ ಉತ್ತರ. ಉಳಿದರ್ಧ ಡೇವ್ ಆರ್ನೆಸನ್ ಅವರಿಗೆ ಸಲ್ಲಬೇಕು.

1947ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಹುಟ್ಟಿದ ಆರ್ನೆಸನ್, ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳ ಹುಚ್ಚಿದ್ದವರು. ಆ ಆಟಗಳಲ್ಲಿ ಸಾಮಾನ್ಯವಾಗಿ ಆಟಗಾರನ ಕೈಕೆಳಗೆ ಇಡೀ ದಂಡೇ ಇರುತ್ತಿತ್ತು. ಅವರ ಗೆಳೆಯ ಡೇವಿಡ್ ವೆಸ್ಲಿ ‘ಬ್ರೌನ್‌ಸ್ಟೈನ್’ ಎಂಬ ಆಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾತ್ರ ಕೊಟ್ಟಿದ್ದರು. ಆರ್ನೆಸನ್ 1971ರಲ್ಲಿ ಆ ಉಪಾಯವನ್ನು ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ನಾಡಿಗೆ ತಂದು, ಗೆಳೆಯರನ್ನು ಕೋಟೆಯಡಿಯ ಕತ್ತಲ ನೆಲಮಾಳಿಗೆಗಳಿಗೆ ಇಳಿಸಿದರು.

ಮೊದಮೊದಲು ಅವರು ಬಳಸಿದ್ದು ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಬರೆದ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮಗಳನ್ನು. ಅದರಲ್ಲಿ ಸಾಮಾನ್ಯ ಸೈನಿಕನಿಗೆ ಒಂದು ಏಟು ಬಿದ್ದರೆ ಅವನ ಕಥೆ ಮುಗಿಯಿತು. ನೂರು ಗೊಂಬೆಗಳಲ್ಲಿ ಒಂದು ಹೋದರೆ ಯಾರಿಗೂ ಬೇಸರವಿಲ್ಲ, ಆದರೆ ಇರುವುದೊಂದೇ ಪಾತ್ರವಾದಾಗ ಆಟಗಾರರು ಸುಮ್ಮನಿರುತ್ತಾರೆಯೇ? ಆಗ ಆರ್ನೆಸನ್, ಅಮೆರಿಕದ ಅಂತರ್ಯುದ್ಧ ಕಾಲದ ಕಬ್ಬಿಣದ ಕವಚದ ಹಡಗುಗಳಿಗಾಗಿ ತಾವೇ ಮಾಡಿಟ್ಟುಕೊಂಡಿದ್ದ ನಿಯಮಗಳಿಂದ ಒಂದು ಲೆಕ್ಕವನ್ನು ಎತ್ತಿಕೊಂಡರು. ನಿನ್ನ ಪಾತ್ರದ ವಿವರದ ಹಾಳೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು ತೂತುಬೀಳುವಂತಾಗಿರುವ ಆ ಹಿಟ್ ಪಾಯಿಂಟ್, ಅಂದರೆ ಪಾತ್ರ ಇನ್ನೆಷ್ಟು ಪೆಟ್ಟು ತಾಳಬಲ್ಲದೆಂಬ ಅಂಕಿ, ಮೂಲತಃ ಹಡಗೊಂದು ಮುಳುಗುವ ಮುನ್ನ ಎಷ್ಟು ಪೆಟ್ಟು ತಿನ್ನಬಲ್ಲದು ಎಂಬ ಲೆಕ್ಕ.

1972ರಲ್ಲಿ ಅವರು ವಿಸ್ಕಾನ್ಸಿನ್‌ನ ಲೇಕ್ ಜಿನೀವಾಕ್ಕೆ ಹೋಗಿ ಗೈಗ್ಯಾಕ್ಸ್ ಅವರಿಗೆ ಈ ಆಟವನ್ನು ಆಡಿಸಿ ತೋರಿಸಿದರು. ವಿಮಾ ಕೆಲಸ ಕಳೆದುಕೊಂಡು ಬೂಟು ರಿಪೇರಿ ಮಾಡುತ್ತಿದ್ದ ಗೈಗ್ಯಾಕ್ಸ್, ಆರ್ನೆಸನ್ ಕಳಿಸಿದ ಟಿಪ್ಪಣಿಗಳನ್ನು ಹಿಗ್ಗಿಸಿ ನಿಯಮಗಳಾಗಿ ಬರೆದರು. 1974ರಲ್ಲಿ ಮೂರು ಕಿರುಪುಸ್ತಕಗಳ ಪೆಟ್ಟಿಗೆ 1000 ಪ್ರತಿಗಳಲ್ಲಿ ಹೊರಬಂತು. ಆರ್ನೆಸನ್ ಮೇಜಿನ ಮುಂದೆ ಆಶುವಾಗಿ ಆಟ ಕಟ್ಟುವವರೇ ಹೊರತು ಕೂತು ಬರೆಯುವವರಲ್ಲ; ಗೈಗ್ಯಾಕ್ಸ್ ಇಲ್ಲದಿದ್ದರೆ ಈ ಆಟ ಅವರ ಗೆಳೆಯರ ಬಳಗದಲ್ಲೇ ಉಳಿಯುತ್ತಿತ್ತೆಂದು ನನಗನ್ನಿಸುತ್ತದೆ.

ಆಮೇಲಿನದು ಬೇಸರದ ಸಂಗತಿ. 1976ರಲ್ಲಿ, ಈ ಆಟವನ್ನು ಪ್ರಕಟಿಸುತ್ತಿದ್ದ ಗೈಗ್ಯಾಕ್ಸ್ ಅವರ ಟಿಎಸ್‌ಆರ್ ಕಂಪನಿ ಸೇರಿದ ಆರ್ನೆಸನ್ ಅದೇ ವರ್ಷ ಹೊರಬಂದರು. ಗೌರವಧನ ಮತ್ತು ಹೆಸರಿನ ವಿಷಯ 1979ರಲ್ಲಿ ಕೋರ್ಟಿನ ಮೆಟ್ಟಿಲೇರಿತು. 1981ರ ರಾಜಿಯಲ್ಲಿ ಇಬ್ಬರೂ ಸಹನಿರ್ಮಾಪಕರೆಂದು ಒಪ್ಪಿಗೆಯಾಯಿತು. ಮುಂದೆ ಅವರು ಫ್ಲಾರಿಡಾದಲ್ಲಿ ವಿದ್ಯಾರ್ಥಿಗಳಿಗೆ ಆಟದ ವಿನ್ಯಾಸವನ್ನು ಕಲಿಸಿದರು. ಗೈಗ್ಯಾಕ್ಸ್ 2008ರ ಮಾರ್ಚಿನಲ್ಲಿ, ಆರ್ನೆಸನ್ 2009ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಭಾನುವಾರ ನಿನಗೊಂದು ಹೊಸ ಹಾಳೆ ತರುತ್ತೇನೆ. ಹಳೆಯದರಲ್ಲಿ ಆ ಜಾಗ ಇನ್ನೊಂದು ಸಲ ಅಳಿಸುವಷ್ಟು ಉಳಿದಿಲ್ಲ.

ಇಂತಿ,
ನಿನ್ನ ಗೆಳೆಯ