ಬಿಲ್ಲಿ ಮೆರೆಡಿತ್: ಹಲ್ಲುಕಡ್ಡಿಗಿಂತ ದೊಡ್ಡ ಸಂಗತಿ

ಮಾನ್ಯ ಸಂಪಾದಕರೆ,

ಹಳೆಯ ತಲೆಮಾರಿನ ಫುಟ್‌ಬಾಲ್ ಆಟಗಾರರನ್ನು ಕುರಿತು ನಿಮ್ಮ ಕ್ರೀಡಾ ಪುರವಣಿಯಲ್ಲಿ ಬಂದ ಲೇಖನದಲ್ಲಿ ವೇಲ್ಸ್‌ನ ಬಿಲ್ಲಿ ಮೆರೆಡಿತ್‌ಗೆ ಸಿಕ್ಕಿದ್ದು ಎರಡೇ ವಾಕ್ಯ. ಅದರಲ್ಲೂ ಒಂದು, ಆತ ಹಲ್ಲುಕಡ್ಡಿ ಕಚ್ಚಿಕೊಂಡು ಆಡುತ್ತಿದ್ದ ಎಂಬುದಕ್ಕೇ ಖರ್ಚಾಗಿದೆ. ಹಲ್ಲುಕಡ್ಡಿಯ ಮಾತು ಸುಳ್ಳಲ್ಲ. ಆದರೆ ಆಟಗಾರರ ಸಂಘ ಕಟ್ಟುವುದರಲ್ಲಿ ಆತನಿಗಿದ್ದ ಪಾತ್ರವನ್ನು ಒಂದು ಪದದಲ್ಲಾದರೂ ಹೇಳದೆ ಮೆರೆಡಿತ್‌ನ ಪರಿಚಯ ಮುಗಿಸುವುದು ಸರಿಯಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ.

1874ರ ಜುಲೈ 30ರಂದು ಚರ್ಕ್ ಬಳಿಯ ಗಣಿಗಾರರ ಊರಿನಲ್ಲಿ ಹುಟ್ಟಿದ ಮೆರೆಡಿತ್ ಹನ್ನೆರಡನೆಯ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದವನು. 1894ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿದ ಮೇಲೂ ಕೆಲಕಾಲ ಗಣಿಯ ಕೆಲಸ ಬಿಡಲಿಲ್ಲ. ಬಲ ಅಂಚಿನಲ್ಲಿ ಚೆಂಡನ್ನು ಒಯ್ಯುವ ಆತನ ಚಳಕಕ್ಕೆ ಹತ್ತು ವರ್ಷದಲ್ಲಿ ಫಲ ಸಿಕ್ಕಿತು: ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ (ಎಫ್‌ಎ) ನಡೆಸುವ ಎಫ್‌ಎ ಕಪ್‌ನ 1904ರ ಫೈನಲ್‌ನಲ್ಲಿ ಬೋಲ್ಟನ್ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದವನು ತಂಡದ ನಾಯಕನಾಗಿದ್ದ ಆತನೇ.

ಮರುವರ್ಷವೇ ಎದುರಾಳಿ ಕ್ಲಬ್ ಆಸ್ಟನ್ ವಿಲ್ಲಾದ ಆಟಗಾರ ಅಲೆಕ್ ಲೀಕ್‌ಗೆ ಪಂದ್ಯ ಬಿಟ್ಟುಕೊಡಲು 10 ಪೌಂಡ್ ಆಮಿಷ ಒಡ್ಡಿದನೆಂಬ ಆರೋಪದ ಮೇಲೆ ಫುಟ್‌ಬಾಲ್ ಸಂಸ್ಥೆ ಆತನನ್ನು ಅಮಾನತುಗೊಳಿಸಿತು. ಮೊದಲು ಅಲ್ಲಗಳೆದ ಮೆರೆಡಿತ್ ಆಮೇಲೆ ಒಪ್ಪಿಕೊಂಡ. ಈ ಕಲೆಯನ್ನು ಒರೆಸುವುದು ನನ್ನ ಉದ್ದೇಶವಲ್ಲ. ಆದರೆ ಆ ಪ್ರಕರಣದ ಎಳೆ ಹಿಡಿದು ನಡೆದ ತನಿಖೆಯಲ್ಲಿ, ಕ್ಲಬ್ ತನ್ನ ಆಟಗಾರರಿಗೆ ನಿಯಮ ಮೀರಿ ಹಣ ಕೊಡುತ್ತಿದ್ದುದೂ ಹೊರಬಿದ್ದಿತು. 1901ರಿಂದ ಆಟಗಾರನ ಗರಿಷ್ಠ ವೇತನ ವಾರಕ್ಕೆ 4 ಪೌಂಡ್. ಮೈದಾನ ತುಂಬಿಸುವ ಆಟಗಾರನಾದರೂ ಅಷ್ಟೇ; ಒಪ್ಪಂದದ ಅವಧಿ ಮುಗಿದರೂ ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಬೇರೆ ಲೀಗ್ ಕ್ಲಬ್ ಸೇರುವಂತಿರಲಿಲ್ಲ. ಸಿಟಿಯ ಹದಿನೇಳು ಆಟಗಾರರಿಗೆ ನಿಷೇಧ ಬಿದ್ದಿತು. ಮೆರೆಡಿತ್ ಅದೇ ಊರಿನ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿ, 1907ರ ಜನವರಿ 1ರಂದು ಮತ್ತೆ ಮೈದಾನಕ್ಕಿಳಿದ. ಎದುರಾಳಿ ಬೇರಾರೂ ಅಲ್ಲ, ಆಸ್ಟನ್ ವಿಲ್ಲಾ!

ಅದೇ ವರ್ಷ ಡಿಸೆಂಬರ್ 2ರಂದು ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ ಸೇರಿದ ಆಟಗಾರರ ಸಭೆಗೆ ಮೆರೆಡಿತ್ ಅಧ್ಯಕ್ಷನಾದ. 1898ರಲ್ಲಿ ಹುಟ್ಟಿದ್ದ ಹಿಂದಿನ ಸಂಘ ಮೂರೇ ವರ್ಷದಲ್ಲಿ ಕಣ್ಮುಚ್ಚಿತ್ತು. ಈ ಸಲದ ಸಂಘ ಉಳಿಯಿತು. ವೇತನದ ಮಿತಿ ತೆಗೆಯಬೇಕು, ಗಾಯಗೊಂಡವನಿಗೆ ಪರಿಹಾರ ಸಿಗಬೇಕು, ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರುವ ಹಕ್ಕಿರಬೇಕು ಎಂಬುದು ಬೇಡಿಕೆ. ಇತರ ಕಾರ್ಮಿಕ ಸಂಘಗಳ ಒಕ್ಕೂಟದೊಡನೆ ಇವರು ಕೈಜೋಡಿಸಿದ್ದು ಆಡಳಿತಗಾರರಿಗೆ ಸಹಿಸಲಾಗದೆ, ಸಂಘ ಬಿಡದವರಿಗೆ ಆಟವಿಲ್ಲವೆಂದು 1909ರಲ್ಲಿ ಕಟ್ಟಪ್ಪಣೆ ಹೊರಡಿಸಿದರು. ಹೆಚ್ಚಿನ ಕ್ಲಬ್‌ಗಳ ಆಟಗಾರರು ಬಗ್ಗಿದರು. ಕೆಲವೇ ತಿಂಗಳ ಹಿಂದೆ ಎಫ್‌ಎ ಕಪ್ ಗೆದ್ದಿದ್ದ ಯುನೈಟೆಡ್ ತಂಡದವರು ಮಾತ್ರ ಬಗ್ಗದೆ ಮ್ಯಾಂಚೆಸ್ಟರಿನ ಫ್ಯಾಲೋಫೀಲ್ಡ್‌ನಲ್ಲಿ ತಾವೇ ಅಭ್ಯಾಸ ನಡೆಸಿ, ‘ಬಹಿಷ್ಕೃತರ ಫುಟ್‌ಬಾಲ್ ಕ್ಲಬ್’ ಎಂದು ಹಲಗೆ ಬರೆದಿಟ್ಟುಕೊಂಡು ಛಾಯಾಚಿತ್ರ ತೆಗೆಸಿಕೊಂಡರು. ಕೊನೆಗೆ ಸಂಘಕ್ಕೆ ಮಾನ್ಯತೆ ದೊರೆಯಿತು, ವೇತನದ ಮಿತಿ ಹೋಗಲಿಲ್ಲ. ಇದನ್ನು ಅರ್ಧ ಗೆಲುವೆನ್ನುವವರಿದ್ದಾರೆ. ಆ ದಿನಗಳಲ್ಲಿ ಮಾನ್ಯತೆಯೇ ದೊಡ್ಡದೆಂದು ನನ್ನ ಅನಿಸಿಕೆ.

ಲೇಖನದ ಇನ್ನೊಂದು ವಾಕ್ಯ ಆತ ವೇಲ್ಸ್ ಪರ 48 ಪಂದ್ಯ ಆಡಿದ್ದನ್ನು ಹೇಳುತ್ತದೆ. ಇಂಗ್ಲಿಷ್ ಕ್ಲಬ್‌ಗಳು ಬಿಟ್ಟುಕೊಡದ ಕಾರಣ ತಪ್ಪಿಹೋದ ಪಂದ್ಯಗಳೂ ಹಲವು ಎಂಬುದನ್ನು ಅದರೊಡನೆಯೇ ಹೇಳಬೇಕಿತ್ತು. 1920ರ ಮಾರ್ಚಿನಲ್ಲಿ ಲಂಡನ್ನಿನ ಹೈಬರಿ ಮೈದಾನದಲ್ಲಿ ವೇಲ್ಸ್ 2-1ರಿಂದ ಇಂಗ್ಲೆಂಡನ್ನು ಮಣಿಸಿದಾಗ, 1882ರ ನಂತರದ ಆ ಮೊದಲ ಗೆಲುವಿನಲ್ಲಿ ಆಡಿದ ಮೆರೆಡಿತ್‌ಗೆ ನಲವತ್ತೈದು ವರ್ಷ. ಸಿಟಿಗೆ ಮರಳಿ, 1924ರ ಕಪ್ ಸೆಮಿಫೈನಲ್‌ನಲ್ಲಿ ನ್ಯೂಕ್ಯಾಸಲ್ ವಿರುದ್ಧ ಆಡಿದಾಗ ಐವತ್ತಕ್ಕೆ ನಾಲ್ಕೇ ತಿಂಗಳು ಬಾಕಿಯಿತ್ತು.

1958ರ ಏಪ್ರಿಲ್‌ನಲ್ಲಿ ಆತ ತೀರಿಕೊಂಡ. ಗರಿಷ್ಠ ವೇತನದ ಮಿತಿ ರದ್ದಾದದ್ದು 1961ರಲ್ಲಿ. ಮ್ಯಾಂಚೆಸ್ಟರಿನ ಸದರ್ನ್ ಸ್ಮಶಾನದಲ್ಲಿರುವ ಆತನ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 2001ರಲ್ಲಿ. ಅದರ ಖರ್ಚಿನಲ್ಲಿ ಆತ ಕಟ್ಟಿದ ಸಂಘದ ಪಾಲೂ ಇತ್ತು.

ಇಂತಿ,
ತಮ್ಮ ಪತ್ರಿಕೆಯ ಹಳೆಯ ಓದುಗ